ಬಿಕ್ಕುವ ಹಾಡು: ಡಿಜೆ ಲ್ಯಾಪ್‌ಟಾಪಿನಲ್ಲಿ ಸದ್ದು ಯಾಕೆ ಕಡಿಯುತ್ತದೆ, ಕಾರಣ ಹುಡುಕುವುದು ಹೇಗೆ

(ಗಡಿಯಾಚೆಯ ಕನ್ನಡಿಗರ ದುಡಿಮೆ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಅಲ್ಲಲ್ಲಿ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಕೇಳ್ತದಲ್ಲ? ಸದ್ದು ಕಡಿಯೋದರ ಬಗ್ಗೆ ಮಾತಾಡಲು ಬಂದವನ ದನಿಯೇ ಕಡಿದರೆ ನಗೆಪಾಟಲಾಗ್ತದೆ, ಅದಕ್ಕೇ ಕೇಳಿದೆ.

ನನಗಿಂತ ಮೊದಲು ಮಾತಾಡಿದವರು ಶಾಸನ, ಶಾಲೆ, ಜನಪದ ಹಾಡುಗಳ ಬಗ್ಗೆ ಹೇಳಿದರು. ನನ್ನದು ಅಷ್ಟು ದೊಡ್ಡ ವಿಷಯವಲ್ಲ. ನಾನು ಅಕ್ಕಲಕೋಟ ತಾಲೂಕಿನವನು, ಸೌಂಡ್ ಕೆಲಸ ಮಾಡಿ ಹೊಟ್ಟೆ ಹೊರೆದವನು. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಇವತ್ತು ಹಿಡಿದಿರುವ ಕಸುಬುಗಳಲ್ಲಿ ಡಿಜೆ ಕೆಲಸವೂ ಒಂದು. ಮನೆಯ ಮಾತು ಕನ್ನಡ, ಸಾಮಾನು ತರುವ ಅಂಗಡಿಯ ಮಾತು ಮರಾಠಿ, ಲ್ಯಾಪ್‌ಟಾಪಿನ ಪರದೆ ಇಂಗ್ಲಿಷ್. ಕಾರ್ಯಕ್ರಮದ ನಡುವೆ ಹಾಡು ಕಡಿದಾಗ ಈ ಮೂರರ ನಡುವೆ ಸಿಕ್ಕಿಕೊಂಡ ಹುಡುಗ ಏನು ಮಾಡ್ತಾನೆ? ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ತರ್ತಾನೆ. ನಾನೂ ಹಾಗೇ ಮಾಡಿದ್ದೆ. ಆ ಕತೆಯಿಂದಲೇ ಶುರು ಮಾಡ್ತೀನಿ.

ಮೇ ತಿಂಗಳು, ನಮ್ಮದೇ ತಾಲೂಕಿನ ಒಂದು ಹಳ್ಳಿ, ಮದುವೆ ಮೆರವಣಿಗೆ. ಮದುಮಗ ಕುದುರೆ ಮೇಲೆ, ಹುಡುಗರು ಕುಣಿತದಲ್ಲಿ. ಎರಡನೇ ಹಾಡಿಗೇ ಸದ್ದು ತುಂಡುತುಂಡಾಗತೊಡಗಿತು. ಒಂದು ಸೆಕೆಂಡೂ ಇಲ್ಲ, ಚೂರು ನಿಲ್ಲೋದು, ಮತ್ತೆ ಹೊರಡೋದು. ಮದುಮಗನ ಮಾವ ಹತ್ತಿರ ಬಂದು, "ಏನಪಾ, ನಿನ್ನ ಡಬ್ಬಿಗಿ ಬಿಕ್ಕಳಿಕಿ ಬಂತೇನ? ಒಂದ್ ತಂಬಿಗಿ ನೀರ ಕುಡಸು" ಅಂದರು. ಎಲ್ಲರೂ ನಕ್ಕರು. ರಾತ್ರಿ ಲೆಕ್ಕ ಮಾಡುವಾಗ ಮಾತ್ರ ಯಾರೂ ನಗಲಿಲ್ಲ. ಮಾತಾಡಿದ ಹಣದಲ್ಲಿ ಅರ್ಧ ಹಿಡಿದರು. ಮುಂದಿನ ವಾರ ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ತಂದೆ. ಅದರಲ್ಲೂ ಹಾಡು ಬಿಕ್ಕಿತು. ತಪ್ಪು ಲ್ಯಾಪ್‌ಟಾಪಿನದಾಗಿರಲಿಲ್ಲ. ಎಲ್ಲಿತ್ತು ಅಂತ ಆಮೇಲೆ ಹೇಳ್ತೀನಿ.

ಆ ಹಿರಿಯರು ಆಡಿದ ಮಾತು ತಮಾಷೆಗೆ ಆದರೂ ಸರಿಯಾಗಿತ್ತು. ನಾವು ಎಲ್ಲ ತೊಂದರೆಗೂ "ಸೌಂಡ್ ಹೋತು" ಅಂತ ಒಂದೇ ಮಾತು ಹೇಳಿಬಿಡ್ತೀವಿ. ಆದರೆ ಬಿಕ್ಕುವುದು ಬೇರೆ, ಗುಂಯ್‌ಗುಡುವುದು ಬೇರೆ, ಚರಚರ ಹರಿಯುವುದು ಬೇರೆ, ಪೂರಾ ನಿಂತೇ ಹೋಗುವುದು ಬೇರೆ. ಗುಂಯ್ ಅನ್ನುವ ಸದ್ದು ಹಾಡು ಇಲ್ಲದಾಗಲೂ ಬರುತ್ತಿದ್ದರೆ ಅದು ಅರ್ಥಿಂಗ್ ದೋಷ. ಜೋರು ಮಾಡಿದಾಗ ಮಾತ್ರ ಹರಿದ ಬಟ್ಟೆಯಂತೆ ಕೇಳಿಸಿದರೆ, ಮಿಕ್ಸರಿನ ಕೆಂಪು ದೀಪ ನೋಡಿರಿ, ಗೇನ್ ಹೆಚ್ಚಾಗಿದೆ. ಒಂದೇ ಕಡೆಯ ಬಾಕ್ಸ್ ಸತ್ತರೆ ಕೇಬಲ್. ಸದ್ದು ನಾಲ್ಕೈದು ಸೆಕೆಂಡು ಪೂರಾ ಹೋಗಿ ಆಂಪ್ಲಿಫೈಯರಿನ ಮೇಲೆ ಪ್ರೊಟೆಕ್ಟ್ ದೀಪ ಹತ್ತಿದರೆ ಆಂಪ್ ಕಾದಿದೆ, ಇಲ್ಲಾಂದ್ರೆ ಸ್ಪೀಕರ್ ವೈರು ಶಾರ್ಟ್ ಆಗಿದೆ. ಒಂದೇ ಹಾಡು ಪ್ರತಿ ಸಲ ಅದೇ ಜಾಗದಲ್ಲಿ ಎಡವಿದರೆ ಆ ಫೈಲೇ ಕೆಟ್ಟದ್ದು. ಇವು ಯಾವುವೂ ನಾನಿವತ್ತು ಹೇಳುವ ಕಾಯಿಲೆಯಲ್ಲ. ಆದರೆ ಇವನ್ನು ಬದಿಗಿಡದೆ ಮುಂದೆ ಹೋದರೆ ದಾರಿ ತಪ್ಪುತ್ತದೆ.

ಬಿಕ್ಕುವುದು ಅಂದರೆ ಏನು? ಮದುವೆಯ ಪಂಕ್ತಿ ಊಟ ನೆನಪು ಮಾಡಿಕೊಳ್ಳಿ. ಎಲೆಯ ಮುಂದೆ ಕೂತವನು ಒಂದೇ ವೇಗದಲ್ಲಿ ಉಣ್ಣುತ್ತಾ ಇದ್ದಾನೆ. ಬಡಿಸುವವನು ಅನ್ನ ಮುಗಿಯುವ ಮೊದಲು ಮತ್ತೆ ಬರಬೇಕು. ಅಡುಗೆಮನೆಯಲ್ಲಿ ಹತ್ತು ಹಂಡೆ ಅನ್ನ ಇದ್ದರೂ ಬಡಿಸುವವನು ದಾರಿಯಲ್ಲಿ ಯಾರ ಜೊತೆಗೋ ಮಾತಿಗೆ ನಿಂತರೆ ಎಲೆ ಬರಿದಾಗ್ತದೆ. ಅನ್ನದ ಕೊರತೆ ಅಲ್ಲ ಅದು, ಹೊತ್ತಿಗೆ ಬಾರದ ಕೊರತೆ. ಡಿಜೆ ಕಂಟ್ರೋಲರಿನ ಒಳಗಿರುವ ಸೌಂಡ್ ಕಾರ್ಡು ಉಣ್ಣುವವನ ಹಾಗೆ. ಸಾಮಾನ್ಯವಾಗಿ ಸೆಕೆಂಡಿಗೆ 44,100 ಮಾದರಿಗಳನ್ನು ಅದು ತಿನ್ನುತ್ತಲೇ ಇರುತ್ತದೆ, ಯಾರಿಗೂ ಕಾಯುವುದಿಲ್ಲ. ಲ್ಯಾಪ್‌ಟಾಪ್ ಬಡಿಸುವವನು. ಒಂದು ಸಲಕ್ಕೆ ಬಡಿಸುವ ತುತ್ತಿಗೆ ಬಫರ್ ಅನ್ನುತ್ತಾರೆ.

ಈ ಬಫರ್ 128 ಮಾದರಿ ಎಂದು ಇಟ್ಟರೆ ಅದು ಉಳಿಯುವುದು 2.9 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗವೂ ಇಲ್ಲ. 256 ಇಟ್ಟರೆ 5.8, 512 ಇಟ್ಟರೆ 11.6, 1024 ಇಟ್ಟರೆ 23.2 ಮಿಲಿಸೆಕೆಂಡು. ಅಷ್ಟರೊಳಗೆ ಮುಂದಿನ ತುತ್ತು ಬರಲೇಬೇಕು. ಒಂದೇ ಒಂದು ಸಲ ತಡವಾದರೂ ಕಿವಿಗೆ ಗೊತ್ತಾಗುತ್ತದೆ.

ಇಲ್ಲೇ ನಮ್ಮ ಹುಡುಗರ ದೊಡ್ಡ ಗೊಂದಲ ಇರುವುದು. ಅವರು ಟಾಸ್ಕ್ ಮ್ಯಾನೇಜರ್ ತೆಗೆದು ನೋಡ್ತಾರೆ. ಸಿಪಿಯು ಶೇ. 20 ಅಂತ ತೋರಿಸ್ತದೆ. "ಅಣ್ಣಾ, ಲೋಡೇ ಇಲ್ಲ, ಮತ್ಯಾಕ ಕಡೀತದ?" ಅಂತ ಫೋನ್ ಮಾಡ್ತಾರೆ. ಆ ಅಂಕಿ ಒಂದು ಸೆಕೆಂಡಿನ ಆಸುಪಾಸಿನ ಸರಾಸರಿ. ಆ ಒಂದು ಸೆಕೆಂಡಿನಲ್ಲಿ 256ರ ತುತ್ತು 172 ಸಲ ಬಡಿಸಬೇಕು. 171 ಸಲ ಸರಿಯಾಗಿ ಬಂದು ಒಂದು ಸಲ ತಪ್ಪಿದರೆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಹೆಚ್ಚು ಶಕ್ತಿಯ ಲ್ಯಾಪ್‌ಟಾಪ್ ಎಂದರೆ ಹೆಚ್ಚು ಹಂಡೆ ಅನ್ನ, ಅಷ್ಟೇ. ಬಡಿಸುವವನನ್ನು ದಾರಿಯಲ್ಲಿ ತಡೆಯುವವರು ಅದರಲ್ಲೂ ಇರ್ತಾರೆ.

ತಡೆಯುವವರು ಯಾರು? ವಿಂಡೋಸ್‌ನಲ್ಲಿ ವೈಫೈ, ಬ್ಲೂಟೂತ್, ಬ್ಯಾಟರಿ, ಗ್ರಾಫಿಕ್ಸ್ ಹೀಗೆ ಪ್ರತಿಯೊಂದು ಭಾಗಕ್ಕೂ ಒಂದು ಡ್ರೈವರ್ ಇರುತ್ತದೆ. ಇವು ಕೆಲವೊಮ್ಮೆ "ನನ್ನ ಕೆಲಸ ಮೊದಲು" ಅಂತ ಪ್ರೊಸೆಸರನ್ನು ಹಿಡಿದು ನಿಲ್ಲಿಸ್ತಾವೆ. ಆ ಹೊತ್ತಿನಲ್ಲಿ ಡಿಜೆ ಸಾಫ್ಟ್‌ವೇರ್ ಕಾಯಬೇಕು. ಒಳ್ಳೆಯ ಡ್ರೈವರ್ ಒಂದು ಮಿಲಿಸೆಕೆಂಡಿಗಿಂತ ಬಹಳ ಕಡಿಮೆ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ. ಕೆಟ್ಟದ್ದು ಹತ್ತು ಮಿಲಿಸೆಕೆಂಡು ಹಿಡಿದರೆ 256ರ ಬಫರ್ ಬರಿದಾಯಿತು. ಇದನ್ನು ಹಿಡಿಯಲು ಲೇಟೆನ್ಸಿಮಾನ್ ಎನ್ನುವ ಸಾಫ್ಟ್‌ವೇರ್ ಇದೆ. ಹಾಡು ಹಚ್ಚಿ ಹತ್ತು ಹದಿನೈದು ನಿಮಿಷ ಅದನ್ನು ಓಡಲು ಬಿಟ್ಟರೆ, ಯಾವ ಡ್ರೈವರ್ ಎಷ್ಟು ಹೊತ್ತು ತಡೆಯಿತು ಎಂದು ಹೆಸರು ಹಿಡಿದು ತೋರಿಸುತ್ತದೆ. ಇಂಗ್ಲಿಷ್ ಬರದಿದ್ದರೂ ನಡೀತದೆ, ಕೆಂಪು ಪಟ್ಟಿ ಎಲ್ಲಿದೆ ಎಂದು ನೋಡಿದರೆ ಸಾಕು. ಅಲ್ಲಿ 'ಎನ್‌ಡಿಐಎಸ್' ಎಂದು ಶುರುವಾಗುವ ಹೆಸರು ಬಂದರೆ ನೆಟ್‌ವರ್ಕ್, ಅಂದರೆ ಹೆಚ್ಚಾಗಿ ವೈಫೈ. 'ಎಸಿಪಿಐ' ಬಂದರೆ ವಿದ್ಯುತ್ ಮತ್ತು ಬ್ಯಾಟರಿ ನಿರ್ವಹಣೆ.

ಹಾಗಾಗಿ ಕಾರ್ಯಕ್ರಮ ಶುರುವಾಗುವ ಮೊದಲು ಏರೋಪ್ಲೇನ್ ಮೋಡ್ ಹಾಕುವುದು ನನ್ನ ಮೊದಲ ಕೆಲಸ. ಇದೊಂದರಿಂದಲೇ ವಾಸಿಯಾದ ಲ್ಯಾಪ್‌ಟಾಪುಗಳನ್ನು ಬಹಳ ನೋಡಿದ್ದೀನಿ. ವೈಫೈ ಡ್ರೈವರ್ ಸುಮ್ಮನಾಗುವುದರ ಜೊತೆಗೆ ವಿಂಡೋಸ್ ಅಪ್‌ಡೇಟ್, ಕ್ಲೌಡಿಗೆ ಫೈಲ್ ಕಳಿಸುವ ಕೆಲಸಗಳೂ ನಿಲ್ತಾವೆ. ನೆಟ್‌ನಿಂದ ನೇರ ಹಾಡು ಹಚ್ಚುವ ಚಟ ಇದ್ದವರು ಹಿಂದಿನ ದಿನವೇ ಇಳಿಸಿಕೊಂಡಿರಿ. ಆಂಟಿವೈರಸ್‌ಗೆ ಹಾಡಿನ ಫೋಲ್ಡರ್ ಬಿಟ್ಟುಬಿಡು ಎಂದು ಹೇಳಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ಬಫರ್. ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್‌ನಲ್ಲಿ, ಕೆಲವು ಕಂಟ್ರೋಲರುಗಳಲ್ಲಿ ಅವುಗಳದೇ ಡ್ರೈವರಿನ ಕಿಟಕಿಯಲ್ಲಿ, ಇದು ಸಿಗುತ್ತದೆ. ಬಹಳ ಹುಡುಗರು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ 64, 128 ಅಂತ ಇಟ್ಟಿರುತ್ತಾರೆ. ಕಡಿಮೆ ಇಟ್ಟರೆ ಕೈ ಆಡಿಸಿದ ತಕ್ಷಣ ಸದ್ದು ಬರುತ್ತದೆ, ಸ್ಕ್ರ್ಯಾಚ್ ಮಾಡುವವರಿಗೆ ಅದು ಬೇಕು. ಮೆರವಣಿಗೆಯಲ್ಲಿ ಒಂದಾದ ಮೇಲೊಂದು ಹಾಡು ಹಚ್ಚುವವನಿಗೆ ಬೇಡ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 512ರ ಬಫರ್ ತರುವ 11.6 ಮಿಲಿಸೆಕೆಂಡಿನ ತಡ ಎಂದರೆ ಸ್ಪೀಕರಿನಿಂದ ನಾಲ್ಕು ಮೀಟರ್ ಹಿಂದೆ ನಿಂತಷ್ಟು. ಕುಣಿಯುವವರು ಹೇಗೂ ಅದಕ್ಕಿಂತ ದೂರ ಇರ್ತಾರೆ. 512ಕ್ಕೆ ಇಡಿ, ಹಳೆಯ ಲ್ಯಾಪ್‌ಟಾಪ್ ಆದರೆ 1024ಕ್ಕೆ ಇಡಿ, ಯಾವ ಅವಮಾನವೂ ಇಲ್ಲ.

ಆದರೆ ಬಫರ್ ಏರಿಸಿದ ಮೇಲೂ ಬಿಕ್ಕುತ್ತಿದ್ದರೆ? ಆಗ ಡ್ರೈವರ್ ಯಾವುದು ಎಂದು ನೋಡಬೇಕು. ವಿಂಡೋಸ್ ತನ್ನದೇ ದಾರಿಯಲ್ಲಿ ಸದ್ದು ಕಳಿಸಿದರೆ ನಡುವೆ ಅದರ ಮಿಕ್ಸರ್ ಇರುತ್ತದೆ. ಅಲ್ಲಿ 48,000 ಎಂದಿದ್ದು ಇಲ್ಲಿ 44,100 ಎಂದಿದ್ದರೆ ಪ್ರತಿ ಮಾದರಿಯನ್ನೂ ಬದಲಿಸುವ ಕೆಲಸ ಬೀಳುತ್ತದೆ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಆಸಿಯೋ ಎನ್ನುವ ಬಗೆಯ ಡ್ರೈವರ್ ಈ ಮಿಕ್ಸರನ್ನು ದಾಟಿ ನೇರ ಹೋಗುತ್ತದೆ. ಕಂಟ್ರೋಲರ್ ತಯಾರಿಸಿದವರ ತಾಣದಿಂದಲೇ ಅದನ್ನು ಇಳಿಸಿಕೊಳ್ಳಿ. ಗೆಳೆಯನ ಪೆನ್‌ಡ್ರೈವಿನಿಂದ ತಂದ ಯಾವುದೋ ಹಳೆಯದು ಬೇಡ. ಮ್ಯಾಕ್‌ನವರಿಗೆ ಈ ತಲೆನೋವು ಕಡಿಮೆ, ಕೋರ್ ಆಡಿಯೋ ಅದರೊಳಗೇ ಬರುತ್ತದೆ.

ಈಗ ಯುಎಸ್‌ಬಿ. ನನ್ನ ಕತೆಯ ಕಳ್ಳ ಇದ್ದದ್ದು ಇಲ್ಲೇ.

ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾಗ ನಡುವೆ ತುಣುಕು ಕಳೆದುಹೋದರೆ ಅದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. ಪೆನ್‌ಡ್ರೈವಿಗೆ ಫೈಲ್ ಹಾಕುವಾಗಲೂ ಹಾಗೇ. ಯುಎಸ್‌ಬಿಯಲ್ಲಿ ಸದ್ದು ಹೋಗುವ ಪದ್ಧತಿ ಬೇರೆ. ಹೊತ್ತಿಗೆ ಸರಿಯಾಗಿ ಕಳಿಸುವುದಷ್ಟೇ ಅದರ ಕೆಲಸ. ದಾರಿಯಲ್ಲಿ ಕೆಟ್ಟದ್ದು ಕೆಟ್ಟಿತು, ಮತ್ತೆ ಕಳಿಸುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ಚೆನ್ನಾಗಿ ನಡೆಯುವ ಅದೇ ಪೋರ್ಟಿನಲ್ಲಿ, ಅದೇ ಹಬ್ಬಿನಲ್ಲಿ ಕಂಟ್ರೋಲರ್ ಬಿಕ್ಕಬಹುದು. "ಪೋರ್ಟ್ ಸರಿ ಐತಿ, ಪೆನ್‌ಡ್ರೈವ್ ನಡೀತದಲ್ಲ" ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ವೇಗ ಸಾಲದು ಎನ್ನುವುದೂ ಕಾರಣವಲ್ಲ. ಎರಡು ಚಾನೆಲಿನ ಸೀಡಿ ಗುಣಮಟ್ಟದ ಸದ್ದಿಗೆ ಬೇಕಾಗುವುದು ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ಯುಎಸ್‌ಬಿ 2.0ರ ಗರಿಷ್ಠ ವೇಗ 480 ಮೆಗಾಬಿಟ್.

ನಾನು ಏನು ಮಾಡಿದ್ದೆ? ಟೆಂಪೋದಲ್ಲಿ ಲ್ಯಾಪ್‌ಟಾಪ್ ಒಂದು ಮೂಲೆಗೆ, ಕಂಟ್ರೋಲರ್ ಇನ್ನೊಂದು ಮೂಲೆಗೆ. ನಡುವೆ ಕಂಟ್ರೋಲರಿನ ಕೇಬಲ್ಲಿಗೆ ಐದು ಮೀಟರಿನ ಅಗ್ಗದ ಎಕ್ಸ್‌ಟೆನ್ಷನ್ ಜೋಡಿಸಿ, ನೋಡಲು ಚೆಂದ ಇರಲಿ ಎಂದು ಲೈಟಿನ ಡಿಮ್ಮರ್ ವೈರುಗಳ ಜೊತೆಗೇ ಟೇಪ್ ಸುತ್ತಿದ್ದೆ. ಯುಎಸ್‌ಬಿ 2.0 ಕೇಬಲ್ಲಿಗೆ ಒಟ್ಟು ಐದು ಮೀಟರೇ ಮಿತಿ. ಅದನ್ನೂ ದಾಟಿದ್ದೆ, ಮೇಲೆ ಡಿಮ್ಮರಿನ ಕಿರಿಕಿರಿ. ಅದು ಸಾಲದೆ ಕಂಟ್ರೋಲರ್ ಹಾಕಿದ ಹಬ್ಬಿಗೇ ಫೋನ್ ಚಾರ್ಜಿಗೂ ಹಾಕಿದ್ದೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಅದರಲ್ಲಿ ಫೋನು, ಕಂಟ್ರೋಲರು, ಅದರ ಬಣ್ಣಬಣ್ಣದ ದೀಪ, ಎಲ್ಲಕ್ಕೂ ಪಾಲು. ಹೊಸ ಲ್ಯಾಪ್‌ಟಾಪ್ ತಂದೆ, ಆದರೆ ಹಬ್ಬು, ಕೇಬಲ್, ಟೇಪು ಎಲ್ಲ ಅವೇ. ಒಂದು ದಿನ ಮನೆಯಲ್ಲಿ ಚಿಕ್ಕ ಕೇಬಲ್ ನೇರ ಹಾಕಿ ಎರಡು ತಾಸು ಹಾಡು ಬಿಟ್ಟೆ. ಒಂದು ಸಲವೂ ಬಿಕ್ಕಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ, ಅದರಲ್ಲೂ ಬಿಕ್ಕಲಿಲ್ಲ. ಆ ಹೊತ್ತಿಗೆ ಮೂರು ಕಂತು ಕಟ್ಟಿಯಾಗಿತ್ತು.

ಹಾಗಾಗಿ ಕೇಬಲ್ ಚಿಕ್ಕದಿರಲಿ, ಒಂದೂವರೆ ಮೀಟರ್ ಸಾಕು. ಹಬ್ ಬೇಡ, ಬೇಕೇಬೇಕಾದರೆ ತನ್ನದೇ ಅಡಾಪ್ಟರ್ ಇರುವ ಹಬ್. ಕಂಟ್ರೋಲರಿಗೆ ಅಡಾಪ್ಟರ್ ಕೊಟ್ಟಿದ್ದರೆ ಅದನ್ನು ಹಾಕಿಯೇ ನಡೆಸಿ. ಟೆಂಪೋ, ಟ್ರ್ಯಾಕ್ಟರ್ ಮೇಲೆ ಹೋಗುವವರು ಇನ್ನೊಂದು ನೋಡ್ರಿ. ಬೇಸಿನ ಅದುರಿಗೆ ಯುಎಸ್‌ಬಿ ಪ್ಲಗ್ ಸಡಿಲಾಗ್ತದೆ. ಹಾಗಾದಾಗ ಕಂಟ್ರೋಲರಿನ ದೀಪಗಳು ಒಮ್ಮೆ ಆರಿ ಹತ್ತುತ್ತವೆ. ದೀಪ ಆರದೆ ಸದ್ದಷ್ಟೇ ಬಿಕ್ಕಿದರೆ ಬಫರ್ ಅಥವಾ ಡ್ರೈವರ್ ಕಡೆಗೆ ಹೋಗಿ, ದೀಪ ಆರಿದರೆ ಕೇಬಲ್ ಮತ್ತು ವಿದ್ಯುತ್ ಕಡೆಗೆ. ಪರದೆಯ ಮೇಲೆ ಹಾಡಿನ ಅಲೆ ಸರಾಗವಾಗಿ ಓಡುತ್ತಿದ್ದು ಸದ್ದು ಮಾತ್ರ ಕಡಿಯುತ್ತಿದ್ದರೆ ಯುಎಸ್‌ಬಿಯಿಂದ ಆಚೆಗೆ ಹುಡುಕಿ. ಅಲೆಯೂ ಎಡವುತ್ತಿದ್ದರೆ ಲ್ಯಾಪ್‌ಟಾಪಿನ ಒಳಗೆ ಹುಡುಕಿ. ಈ ಎರಡು ನೋಟ ನೋಡಲು ಕಾಸು ಬೇಡ.

ವಿಂಡೋಸ್ ಕರೆಂಟ್ ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುವುದೂ ಉಂಟು. ಪವರ್ ಆಪ್ಷನ್ಸ್ ಒಳಗೆ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಎಂದಿದ್ದರೆ ಅದನ್ನು ಆರಿಸಿ. ಡಿವೈಸ್ ಮ್ಯಾನೇಜರಿನಲ್ಲಿ 'ಯುಎಸ್‌ಬಿ ರೂಟ್ ಹಬ್' ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ ಟಿಕ್ ತೆಗೆಯಿರಿ. ಪವರ್ ಪ್ಲಾನ್ 'ಹೈ ಪರ್ಫಾರ್ಮೆನ್ಸ್' ಇರಲಿ.

ಚಾರ್ಜರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಇಲ್ಲಿ ಜೀವದ ಪ್ರಶ್ನೆ ಇದೆ. ಜನರೇಟರ್ ಮೇಲೆ ನಡೆಸುವಾಗ ಚಾರ್ಜರ್ ಹಾಕಿದರೆ ಗುಂಯ್ ಎನ್ನುತ್ತದೆ. ಹುಡುಗ ಚಾರ್ಜರ್ ಕೀಳುತ್ತಾನೆ, ಗುಂಯ್ ಹೋಗ್ತದೆ, ಖುಷಿ. ಹತ್ತು ನಿಮಿಷಕ್ಕೆ ಹಾಡು ಬಿಕ್ಕತೊಡಗುತ್ತದೆ, ಯಾಕಂದ್ರೆ ಬ್ಯಾಟರಿ ಮೇಲೆ ಹೋದ ಲ್ಯಾಪ್‌ಟಾಪ್ ತನ್ನ ವೇಗ ಇಳಿಸಿಕೊಂಡಿದೆ. ಒಂದು ರೋಗದ ಮದ್ದು ಇನ್ನೊಂದು ರೋಗ ತಂತು. ಇನ್ನು ಕೆಲವರು ಗುಂಯ್ ಹೋಗಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕ್ತಾರೆ. ಅದನ್ನು ಮಾತ್ರ ಮಾಡಬೇಡ್ರಪ್ಪ. ಒದ್ದೆ ನೆಲ, ಕಬ್ಬಿಣದ ಟೆಂಪೋ, ಕೈಯಲ್ಲಿ ಮೈಕು, ಆ ಪಿನ್ನೇ ನಿಮ್ಮನ್ನು ಉಳಿಸುವುದು. ಲ್ಯಾಪ್‌ಟಾಪು, ಮಿಕ್ಸರು, ಆಂಪು ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟ್ ತೆಗೆದುಕೊಳ್ಳಿ. ಆದರೂ ಗುಂಯ್ ಅಂದರೆ ಕಂಟ್ರೋಲರ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ. ಚಾರ್ಜರ್ ಹಾಗೇ ಇರಲಿ.

ಬಿಸಿಲಿನ ಮಾತು ಬೇರೆ ಹೇಳಬೇಕಾಗಿಲ್ಲ. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಮದುವೆಗಳೂ ಆಗಲೇ. ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮೇಜಿನ ಮೇಲೆ ಜರಿ ಬಟ್ಟೆ ಹಾಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿತು. ಎರಡು ಇಟ್ಟಿಗೆ ಚೂರಿನ ಮೇಲೆ ಎತ್ತಿ ಇಟ್ಟರೂ ಬಹಳ ಉಪಕಾರ.

ಹಾರ್ಡ್ ಡಿಸ್ಕಿನ ಒಂದು ವಿಚಿತ್ರ ಹೇಳ್ತೀನಿ. ತಿರುಗುವ ಹಳೆಯ ಹಾರ್ಡ್ ಡಿಸ್ಕುಗಳಿಗೆ ಸದ್ದೇ ಶತ್ರು. 2008ರ ಕೊನೆಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡೇಟಾ ಸೆಂಟರಿನ ಡಿಸ್ಕುಗಳ ಮುಂದೆ ನಿಂತು ಗಟ್ಟಿಯಾಗಿ ಕೂಗಿ, ಆ ಕೂಗಿಗೆ ಡಿಸ್ಕುಗಳು ತಡಮಾಡುವುದನ್ನು ವಿಡಿಯೋದಲ್ಲಿ ತೋರಿಸಿದ್ದರು. 2022ರಲ್ಲಿ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಬರೆದದ್ದು ಇನ್ನೂ ಮೋಜಿನದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಜಾನೆಟ್ ಜಾಕ್ಸನ್ ಅವರ ಒಂದು ಹಾಡು ಹಚ್ಚಿದರೆ ಕೆಲವು ಲ್ಯಾಪ್‌ಟಾಪುಗಳು ಕೆಟ್ಟು ನಿಲ್ಲುತ್ತಿದ್ದವಂತೆ. ಆ ಹಾಡಿನಲ್ಲಿದ್ದ ಒಂದು ಸ್ವರದ ಕಂಪನವೂ ಡಿಸ್ಕಿನ ಸಹಜ ಕಂಪನವೂ ಒಂದೇ ಆಗಿದ್ದವು. ಒಬ್ಬನ ಕೂಗಿಗೇ ಹೀಗಾದರೆ, ನಾವು ಎರಡು ಅಡಿ ದೂರದಲ್ಲಿ ಬೇಸ್ ಬಾಕ್ಸ್ ಇಡ್ತೀವಿ! ಡಿಸ್ಕ್ ತಡಮಾಡಿದರೆ ಹಾಡು ಲೋಡ್ ಆಗುವಾಗ ಪರದೆ ಸಿಕ್ಕಿಕೊಂಡು ಎಡವುತ್ತದೆ. ಹೊಸ ಲ್ಯಾಪ್‌ಟಾಪಿನ ಬದಲು ಹಳೆಯದಕ್ಕೇ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಫರ್, ಕೇಬಲ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ವಾಸಿಯಾದರೂ ಯಾವುದರಿಂದ ಅಂತ ತಿಳಿಯದು, ಮುಂದಿನ ಸಲ ಮತ್ತೆ ಕತ್ತಲೆ. ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡು ಬರೆದಿಡಿ, ಕನ್ನಡದಲ್ಲೇ ಬರೆದಿಡಿ: "512, ವೈಫೈ ಬಂದ್, ಹಬ್ ಇಲ್ಲ, ಎರಡು ತಾಸು, ಬಿಕ್ಕಲಿಲ್ಲ." ಇದೆಲ್ಲ ಮನೆಯಲ್ಲಿ ಮಾಡುವ ಕೆಲಸ. ಮೆರವಣಿಗೆಯ ನಡುವೆ ಆದರೆ ಫೋನಿನಲ್ಲಿ ಅರ್ಧ ತಾಸಿನ ಹಾಡು ತುಂಬಿಟ್ಟು, ಅದರ ಕೇಬಲ್ ಮಿಕ್ಸರಿನ ಬೇರೆ ಚಾನೆಲಿಗೆ ಮೊದಲೇ ಹಾಕಿಟ್ಟಿರಿ. ಬಿಕ್ಕಿತೋ, ಫೋನಿಗೆ ತಿರುಗಿಸಿ, ಆಮೇಲೆ ಲ್ಯಾಪ್‌ಟಾಪ್ ನೋಡಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಎಂಟೂವರೆಗೆ ಹೊರಟ ಮೆರವಣಿಗೆಯಲ್ಲಿ ಇಪ್ಪತ್ತು ನಿಮಿಷ ಹೋದರೆ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ. ಸದ್ದು ಎಷ್ಟಿರಬೇಕು ಎನ್ನುವ ಜಗಳ ಬೇರೆಯೇ ಇದೆ. ಆ ವಿಷಯದಲ್ಲಿ ನಾನು ನಮ್ಮ ಊರಿನ ಅಜ್ಜಂದಿರ ಕಡೆಗೇ ಇದ್ದೀನಿ.

ಚಾಟ್‌ನಲ್ಲಿ ಪ್ರಶ್ನೆ ಬಂದಿವೆ. ತಾಳವಾಡಿಯ ತಮ್ಮ ಒಬ್ಬರು ಕೇಳ್ತಿದ್ದಾರೆ, 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಸಾಕಾ ಅಂತ. ನಾನು ಹೇಳಿದ ಕ್ರಮದಲ್ಲಿ ಪರೀಕ್ಷೆ ಮಾಡಿ, 1024ಕ್ಕೆ ಇಟ್ಟು, ಬ್ರೌಸರ್ ಮುಚ್ಚಿ ಎರಡು ತಾಸು ಬಿಕ್ಕದಿದ್ದರೆ ಎರಡು ಡೆಕ್ಕಿನ ಕೆಲಸಕ್ಕೆ ಸಾಕು. ವಿಡಿಯೋ, ಹಾಡಿನಿಂದ ದನಿ ಬೇರ್ಪಡಿಸುವ ಹೊಸ ಸೌಲಭ್ಯ, ಇವಕ್ಕೆ ಸಾಲದು.

ಕಾಸರಗೋಡಿನಿಂದ ಒಬ್ಬರು ಸರ್ ಕೇಳಿದ್ದಾರೆ: ಯಕ್ಷಗಾನದ ನೇರ ಪ್ರಸಾರಕ್ಕೆ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಸದ್ದು ತಗೊಳ್ತೇವೆ, ಭಾಗವತರ ಪದ್ಯ ನಡುನಡುವೆ ಕಡಿಯುತ್ತದೆ, ನೆಟ್ ಬೇಕಾದ್ದರಿಂದ ವೈಫೈ ಆರಿಸುವ ಹಾಗಿಲ್ಲ, ಏನು ಮಾಡುವುದು? ಒಳ್ಳೆಯ ಪ್ರಶ್ನೆ ಸರ್. ಮೊದಲು ಅದೇ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿಟ್ಟು ಕೇಳಿ. ರೆಕಾರ್ಡಿನಲ್ಲಿ ಪದ್ಯ ಇಡಿಯಾಗಿದ್ದು ನೋಡುವವರಿಗೆ ಮಾತ್ರ ಕಡಿದರೆ ಅದು ನೆಟ್‌ನ ದೋಷ, ವಿಡಿಯೋದ ಬಿಟ್‌ರೇಟ್ ಇಳಿಸಿ. ರೆಕಾರ್ಡಿನಲ್ಲೇ ಕಡಿದಿದ್ದರೆ ನಾನು ಹೇಳಿದ ಕಾಯಿಲೆ. ಆಗ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡಿ. ಬಫರ್ 1024 ಇಡಿ, ಪ್ರಸಾರಕ್ಕೆ ಆ ತಡ ಲೆಕ್ಕಕ್ಕೇ ಇಲ್ಲ, ತುಟಿಗೂ ದನಿಗೂ ಹೊಂದದಿದ್ದರೆ ವಿಡಿಯೋವನ್ನು ಅಷ್ಟೇ ಹಿಂದೆ ತಳ್ಳಬಹುದು. ಕ್ಯಾಮೆರಾವನ್ನೂ ಸೌಂಡ್ ಕಾರ್ಡನ್ನೂ ಒಂದೇ ಹಬ್ಬಿಗೆ ಹಾಕಿದ್ದರೆ ಮೊದಲು ಅದನ್ನು ಬೇರೆ ಮಾಡಿ. ನಾಳೆ ಆಟ ಇದ್ದರೆ ಇವತ್ತು ರಾತ್ರಿಯೇ ಮಾಡಿ ನೋಡಿ, ಬಿಕ್ಕಿದರೆ ಲೇಟೆನ್ಸಿಮಾನ್ ಪರದೆಯ ಫೋಟೋ ನನಗೆ ಕಳಿಸಿ.